ಸೋವಿ ಬಿದ್ದ ಊಟ

ಇಪ್ಪತ್ತೆರಡು ವರ್ಷಗಳಿಂದ ನಾನು ಒಂದೇ ಪ್ರಶ್ನೆಗೆ ಉತ್ತರ ಬರೆದು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಈ ಸಾಮಾನನ್ನು ನಾವೇ ಮಾಡುವುದೋ, ಹೊರಗೆ ಮಾಡಿಸುವುದೋ? ಹೈದರಾಬಾದಿನ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನನ್ನದು ಎಸ್ಟಿಮೇಟ್ ವಿಭಾಗದ ಮೇಜು. ಒಂದು ಬ್ರಾಕೆಟ್ಟೋ ಬುಶ್ಶೋ ಬೇಕಾಯಿತೆಂದರೆ ಅದರ ಡ್ರಾಯಿಂಗ್ ಮೊದಲು ನನ್ನ ಹತ್ತಿರ ಬರುತ್ತದೆ. ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ನಮ್ಮಲ್ಲೇ ಮಾಡಿದರೆ ಲೋಹಕ್ಕೆಷ್ಟು, ಮಷಿನ್ ಒಂದು ತಾಸು ಓಡಿದರೆ ಎಷ್ಟು, ಓಡಿಸುವ ಮುಂಚೆ ಅದನ್ನು ಹೊಂದಿಸಿಕೊಳ್ಳಲು ಹಿಡಿಯುವ ಹೊತ್ತಿಗೆಷ್ಟು, ಕೆಟ್ಟು ಗುಜರಿಗೆ ಹೋಗುವುದೆಷ್ಟು, ಇದೆಲ್ಲ ಎಡಗಡೆ. ಸನತ್‌ನಗರದ ಸಣ್ಣ ಶೆಡ್ಡಿನವನೊಬ್ಬ ಅದನ್ನೇ ಎಷ್ಟಕ್ಕೆ ಮಾಡಿಕೊಡುತ್ತಾನೆ ಎಂಬುದು ಬಲಗಡೆ. ಯಾವ ಕಡೆ ಕಡಿಮೆಯೋ ಅದಕ್ಕೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ ಸಹಿ ಹಾಕುತ್ತೇನೆ.

ಈ ಕೆಲಸ ಮಾಡಿ ಮಾಡಿ ಮನುಷ್ಯನ ಕಣ್ಣು ಕೆಡುತ್ತದೆ. ಮದುವೆಗೆ ಹೋದರೆ ಶಾಮಿಯಾನದ ಕೊಳವೆ ಬಾಡಿಗೆಯದೋ ಸ್ವಂತದ್ದೋ ಎಂದು ನೋಡುತ್ತೇನೆ. ಫ್ರಿಜ್ಜಿನ ತಳದಲ್ಲಿ ಕೊತ್ತಂಬರಿ ಕಟ್ಟು ಕೊಳೆತು ನೀರಾಗಿದ್ದನ್ನು ಕಂಡರೆ ನನಗೆ ಬರುವ ಸಿಟ್ಟು, ನಮ್ಮ ಮನೆಯವರ ಪ್ರಕಾರ, ಹತ್ತು ರೂಪಾಯಿಯ ಕಟ್ಟಿಗೆ ನೂರು ರೂಪಾಯಿಯ ಸಿಟ್ಟು.

ಮಗಳು ಓದಲು ವಾರಂಗಲ್ಲಿನ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಹೆಂಡತಿ ಅಮೀರ್‌ಪೇಟ್‌ನ ಒಂದು ತರಬೇತಿ ಸಂಸ್ಥೆಯಲ್ಲಿ ಮುಂದಿನ ಕೌಂಟರಿನಲ್ಲಿ ಕೂರುತ್ತಾಳೆ. ಹಗಲೆಲ್ಲ ಹುಡುಗರಿಗೆ ಕೋರ್ಸಿನ ವಿಷಯ ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿ ಗಂಟಲು ಒಣಗಿಸಿಕೊಂಡು, ಮೆಟ್ರೋದಲ್ಲಿ ನಿಂತು, ಏಳೂವರೆಗೆ ಸನತ್‌ನಗರದ ನಮ್ಮ ಎರಡು ಕೋಣೆಯ ಮನೆ ತಲುಪುತ್ತಾಳೆ. ಆಮೇಲೆ ಒಲೆಯ ಮುಂದೆ. ಒಂದು ಸಂಜೆ ಸೌಟು ಕೈಯಲ್ಲಿ ಹಿಡಿದೇ ಕೇಳಿದಳು.

"ಏನ್ರಿ, ನಿಮ್ಮ ಫ್ಯಾಕ್ಟರಿಯೊಳಗ ಎರಡ ಬುಶ್ ಮಾಡಾಕಂತ ನಾಕ ಮಷಿನ್ ಓಡಸ್ತಾರೇನ್ರಿ?"

"ಇಲ್ಲ. ಯಾಕ?"

"ಮತ್ತ ನಾ ಇಬ್ಬರ ಹೊಟ್ಟಿಗಂತ ನಾಕ ಬರ್ನರ್ ಹಚ್ಚಾಕತ್ತೀನಿ ನೋಡ್ರಿ. ಬ್ಯಾಳಿಗೊಂದು, ಅನ್ನಕ್ಕೊಂದು, ಪಲ್ಯಾಕೊಂದು, ರೊಟ್ಟಿಗೊಂದು."

ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. ಇಂಥದ್ದೊಂದು ಮಾತಿಗೇ ನಾನು ಕಾದಿದ್ದೆನೇನೋ. ಆ ಭಾನುವಾರ ಹಾಳೆ ತೆಗೆದುಕೊಂಡು ಕುಳಿತೆ, ನಡುವೆ ಗೆರೆ ಎಳೆದೆ, ಎಡಕ್ಕೆ 'ಮನೆ', ಬಲಕ್ಕೆ 'ಹೊರಗೆ' ಎಂದು ಬರೆದೆ.

ಮನೆಯ ಕಡೆಯ ಲೆಕ್ಕ ನಾನು ಎಣಿಸಿದಷ್ಟು ಸುಲಭವಿರಲಿಲ್ಲ. ಜೋಳದ ಬೆಲೆ ಗೊತ್ತು, ಗಿರಣಿಯವನ ಕೂಲಿ ಗೊತ್ತು. ಆದರೆ ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಎಂದು ಕೇಳಿದರೆ ಹೆಂಡತಿ ಬಾಯಿ ಬಿಡಲಿಲ್ಲ. ನಮ್ಮ ಕಡೆ ರೊಟ್ಟಿ ಎಣಿಸಬಾರದು. ಎಣಿಸಿ ಮಾಡಿದರೆ ಮನೆಗೆ ದರಿದ್ರ ಎಂದು ಅವಳ ತಾಯಿಯೂ ಹೇಳಿದ್ದರು, ನನ್ನ ತಾಯಿಯೂ ಹೇಳಿದ್ದಳು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಬಡಿಯುವ ಸಪ್ಪಳ ಕೇಳುತ್ತಾ ಮನಸ್ಸಿನಲ್ಲೇ ಎಣಿಸಿಕೊಂಡೆ. ಗ್ಯಾಸು, ಎಣ್ಣೆ, ಬೇಳೆ, ಕಾಯಿಪಲ್ಯ, ಅದರಲ್ಲಿ ಕೊಳೆತು ಹೋಗುವ ಪಾಲು, ಎಲ್ಲ ಸೇರಿಸಿದೆ. ಇಬ್ಬರಿಗೆಂದು ಮಾಡುವಾಗ ಗುಜರಿಯೇ ಹೆಚ್ಚು. ಅರ್ಧ ಸೋರೆಕಾಯಿಯನ್ನು ಯಾರೂ ಮಾರುವುದಿಲ್ಲ, ಉಳಿದರ್ಧ ಫ್ರಿಜ್ಜಿನಲ್ಲಿ ಸಾಯುತ್ತದೆ.

ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಅವಳು ಎಡಗಡೆಯ ಸಾಲುಗಳನ್ನು ಬೆರಳಿಟ್ಟು ಓದಿದಳು.

"ಮಷಿನ್ ತಾಸಿಗೆ ಎಷ್ಟಂತ ಹಿಡಿದೀರಿ?"

"ಯಾವ ಮಷಿನ್?"

"ನಾನಽ."

ಹಿಡಿದಿರಲಿಲ್ಲ. ಅವಳೇ ಪೆನ್ನು ಕಿತ್ತುಕೊಂಡು ತನ್ನ ಸಂಬಳವನ್ನು ತಾಸಿಗೆ ಭಾಗಿಸಿ, ದಿನಕ್ಕೆ ಎರಡು ತಾಸಿನಂತೆ ಬರೆದಳು. ಅಲ್ಲಿಗೆ ಮನೆಯ ಕಡೆ ಮಲಗಿತು. ಆದರೆ ನಿಜ ಹೇಳಬೇಕೆಂದರೆ ಅವಳ ಆ ಸಾಲು ಇಲ್ಲದಿದ್ದರೂ ಮನೆ ಸೋಲುತ್ತಿತ್ತು. ಕಾರಣ, ಪಾರ್ಸೆಲ್.

ಈ ಊರಿನ ಆಂಧ್ರ ಮೆಸ್ಸುಗಳ ಪಾರ್ಸೆಲ್ ಊಟದ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಲ್ಲೇ ಕುಳಿತು ಉಂಡರೆ ಬೇಡವೆನ್ನುವ ತನಕ ಬಡಿಸುತ್ತಾರೆ. ಮನೆಗೆ ಕಟ್ಟಿಸಿಕೊಂಡವನಿಗೆ ಮೋಸವಾಗಬಾರದೆಂದು, ಒಬ್ಬ ಹೊಟ್ಟೆಬಾಕ ಎಷ್ಟು ಉಣ್ಣಬಹುದೋ ಅಷ್ಟನ್ನೂ ಕಟ್ಟಿಬಿಡುತ್ತಾರೆ. ಇಟ್ಟಿಗೆಯಷ್ಟು ಅನ್ನ, ಗಟ್ಟಿ ಬೇಳೆಯ ಪಪ್ಪು, ಸಾಂಬಾರು, ನಮ್ಮ ಸಾರಿನಂಥ ಚಾರು, ಎರಡು ಪಲ್ಯ, ಒಂದು ಚಟ್ನಿ, ಮೊಸರು, ಹಪ್ಪಳ. ಇಬ್ಬರು ಉಂಡರೂ ಮುಷ್ಟಿ ಅನ್ನ ಉಳಿಯುತ್ತದೆ. ಒಂದು ಪಾರ್ಸೆಲ್ಲಿನ ಬೆಲೆ ನಮ್ಮ ಮನೆಯ ಒಂದು ಸಂಜೆಯ ಅಡುಗೆಗಿಂತ ಕಡಿಮೆ ಬಿತ್ತು. ಎರಡು ಸಲ ಕೂಡಿಸಿ ನೋಡಿದೆ. ಬಲಗಡೆಗೆ ಕೆಂಪು ಗುಂಡು ಸುತ್ತಿ, ಅಭ್ಯಾಸಬಲದಿಂದ ಸಹಿಯನ್ನೂ ಹಾಕಿ, ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಿಂದ ಅಂಟಿಸಿದೆ.

ಎರಡು ತಿಂಗಳು ಸುಖವಾಗಿ ನಡೆಯಿತು. ಬೆಳಗಿನ ಚಹಾ ಮಾತ್ರ ಮನೆಯಲ್ಲಿ. ಮಧ್ಯಾಹ್ನ ನನಗೆ ಕಾರ್ಖಾನೆಯ ಕ್ಯಾಂಟೀನು, ಅವಳಿಗೆ ಅವಳ ಆಫೀಸಿನ ಕೆಳಗಿನ ಟಿಫಿನ್ ಸೆಂಟರು. ಸಂಜೆ ಪಾರ್ಸೆಲ್. ಹೆಂಡತಿಯ ಮುಖದಲ್ಲಿ ಸ್ವಲ್ಪ ಕಳೆ ಬಂತು, ಸಂಜೆ ಟೆರೇಸಿನ ಮೇಲೆ ಅರ್ಧ ತಾಸು ಓಡಾಡತೊಡಗಿದಳು. ಫ್ರಿಜ್ಜಿನಲ್ಲಿ ಹಾಲು, ನೀರಿನ ಬಾಟಲಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಉಗ್ರಾಣದೊಳಗೆ ಸುಮ್ಮನೆ ಬಿದ್ದ ಸಾಮಾನು ಎಂದರೆ ಸತ್ತ ದುಡ್ಡು, ಅದು ಸೊನ್ನೆಯಾದರೆ ನಮ್ಮ ಸಾಹೇಬರು ಚಪ್ಪಾಳೆ ತಟ್ಟುತ್ತಾರೆ. ನನ್ನ ಫ್ರಿಜ್ಜು ಸೊನ್ನೆಯಾಗಿತ್ತು. ರೊಟ್ಟಿ ಬುಟ್ಟಿಯನ್ನು ಅಟ್ಟದ ಮೇಲಿಟ್ಟಿದ್ದೆವು. ನಾನು ಸಹೋದ್ಯೋಗಿಗಳಿಗೂ ಈ ಲೆಕ್ಕ ಒಪ್ಪಿಸಿ ಮೀಸೆ ತಿರುವಿದ್ದೆ.

ಆಗ ಊರಿನಿಂದ ಫೋನು ಬಂತು. ಅಕ್ಕನ ಗಂಡ, ನಮ್ಮ ಕಡೆಯ ರೂಢಿಯಂತೆ ನಾನು ಮಾವ ಎಂದು ಕರೆಯುವವರು, ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಲಿಂಗಸೂಗೂರಿನಲ್ಲಿ ಆಗುವುದಿಲ್ಲ ಅಂದರು, ರಾಯಚೂರಿನಲ್ಲಿ ಹೈದರಾಬಾದಿಗೆ ಬರೆದುಕೊಟ್ಟರು. ರಾಯಚೂರು ಸೀಮೆಯವರಿಗೆ ದೊಡ್ಡ ಜಡ್ಡು ಎಂದರೆ ಹೈದರಾಬಾದು. ಇಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ವರ್ಷಕ್ಕೆ ಎರಡೋ ಮೂರೋ ಸಲ ದವಾಖಾನೆಯ ನೆಂಟರು ಇದ್ದೇ ಇರುತ್ತಾರೆ. ಹಿಂದೆಲ್ಲ ಹೆಂಡತಿ ಅವರಿಗೆಂದೇ ಬುಟ್ಟಿಯ ತುಂಬ ಖಡಕ್ ರೊಟ್ಟಿ ಮಾಡಿ ಇಟ್ಟಿರುತ್ತಿದ್ದಳು. ನನ್ನ ಹಾಳೆಯಲ್ಲಿ ಆ ಬುಟ್ಟಿಗೆ ಸಾಲು ಇರಲಿಲ್ಲ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನನಗೆ ಉಣಿಸುವುದು, ಶಾಲೆಗೆ ಬುತ್ತಿ ಕಟ್ಟುವುದು ಅವಳ ಕೆಲಸವಾಗಿತ್ತು. ಹದಿನಾಲ್ಕು ವರ್ಷದ ಹುಡುಗಿ ಬಡಿದ ರೊಟ್ಟಿ ನೆಟ್ಟಗೆ ದುಂಡಗೆ ಇರುತ್ತಿರಲಿಲ್ಲ. ನಾನು ಅದನ್ನು ನೋಡಿ ಇದು ಯಾವ ಜಿಲ್ಲೆಯ ನಕ್ಷೆ ಎಂದು ಅಣಕಿಸಿ, ಎರಡು ಏಟು ಬಿಗಿಸಿಕೊಂಡು, ಆಮೇಲೆ ಉಣ್ಣುತ್ತಿದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಹತ್ತು ಹನ್ನೆರಡು ದಿನ ಇರಬೇಕು ಅಂದರು. ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರು ಇರುವಂತಿಲ್ಲವಾದ್ದರಿಂದ ರಾತ್ರಿಗೆ ಮಾವನ ತಮ್ಮ, ಹಗಲಿಗೆ ಅಕ್ಕ. ಸಂಜೆ ಅವಳು ನಮ್ಮ ಮನೆಗೆ ಬಂದು ಮಲಗುವುದೆಂದು ಆಯಿತು.

ಮೊದಲ ಸಂಜೆ ಅವಳು ಬರುವುದು ಗೊತ್ತಿದ್ದುದರಿಂದ ನಾನು ಎರಡು ಪಾರ್ಸೆಲ್ ತಂದಿದ್ದೆ. ಅಕ್ಕ ಕಾಲು ತೊಳೆದು, ನೀರು ಕುಡಿಯಲು ತಾನೇ ಅಡುಗೆಮನೆಗೆ ಹೋದಳು. ಬೇಗ ಬರಲಿಲ್ಲ. ನಾನು ಇಣುಕಿದೆ. ಚೊಂಬು ಕೈಯಲ್ಲಿ ಹಿಡಿದು ಫ್ರಿಜ್ಜಿನ ಮೇಲಿನ ಹಾಳೆಯನ್ನು ಒಂದೊಂದೇ ಸಾಲು ಓದುತ್ತಿದ್ದಳು. ಒಲೆಯ ಮೇಲೆ ಕೈಯಾಡಿಸಿದಳು. ತಣ್ಣಗಿತ್ತು.

"ತಮ್ಮಾ, ಗ್ಯಾಸ್ ಮುಗದೈತೇನು?"

"ಐತಿ ಅಕ್ಕಾ. ಹೊರಗಿಂದ ತಂದ್ರ ಭಾಳ ಸೋವಿ ಬೀಳತೈತಿ."

ಸೋವಿ ಎಂದರೆ ನಮ್ಮ ಕಡೆ ಅಗ್ಗ. ಆ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಅವಳು ಉಂಡಳು, ಉಂಡಾದ ಮೇಲೆ ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ತೊಳೆದು ಒಂದರೊಳಗೊಂದು ಜೋಡಿಸಿ ಮೂಲೆಗಿಟ್ಟಳು.

ಎರಡನೆಯ ಸಂಜೆ ಅವಳು ಬಂದಾಗ ನಾನು ಪಾರ್ಸೆಲ್ಲಿನ ದಾರ ಬಿಚ್ಚುತ್ತಿದ್ದೆ. ಅವತ್ತು ತಂದದ್ದು ಒಂದೇ. ಬೇಕಾದರೆ ಇನ್ನೊಂದು ತಂದರಾಯಿತು, ಮೆಸ್ಸು ಬೀದಿಯ ಕೊನೆಗೇ ಇದೆಯಲ್ಲ ಎಂದುಕೊಂಡಿದ್ದೆ.

"ಊಟ ಮಾಡ್ತೀಯೇನಕ್ಕಾ?"

"ಆಗೇತಿ ತಮ್ಮಾ. ಅಲ್ಲೇ ದವಾಖಾನಿ ಕಡೆ ಆತು."

"ಹೌದಾ? ಛಲೋ ಆತು," ಎಂದೆ.

ಛಲೋ ಆತು ಎಂದೆ! ಆ ಎರಡು ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ. ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಬಂದವರನ್ನು ಊಟ ಮಾಡ್ತೀಯೇನು ಎಂದು ಕೇಳಬಾರದು. ಏಳು, ಕೈ ತೊಳಕೋ ಅನ್ನಬೇಕು. ಕೇಳಿದರೂ ಮೂರು ಸಲ ಕೇಳಬೇಕು. ಮೊದಲ ಸಲದ 'ಆಗೇತಿ' ಮರ್ಯಾದೆಗೆ. ಎರಡನೆಯದು ಮನೆಯವರಿಗೆ ತೊಂದರೆ ಬೇಡವೆಂಬುದಕ್ಕೆ. ಮೂರನೆಯ ಸಲ ಹೇಳುವುದು ನಿಜ. ಅಷ್ಟೊತ್ತಿಗೆ ತಾಟು ಮುಂದೆ ಬಂದಿರಬೇಕು. ನಾನು ಒಂದೇ ಸಲ ಕೇಳಿದೆ. ಹೆಂಡತಿ ಎರಡನೆಯ ಸಲ ಕೇಳಿದಳು, "ಅಕ್ಕಾರ, ಒಂದೀಟು ಅನ್ನಾರ ತಿನ್ರಿ." ಅಕ್ಕ "ಬ್ಯಾಡವ್ವಾ, ಹೊಟ್ಟಿ ತುಂಬೇತಿ" ಎಂದಳು. ಮೂರನೆಯದನ್ನು ಕೇಳಬೇಕಾದವನು ನಾನು. ಆದರೆ ಒಂದು ಪಾರ್ಸೆಲ್ಲು ಇಬ್ಬರಿಗೆ ಸರಿಯಾಗಿ ಹೊಂದಿತ್ತು. ಹೊಂದಿದ ಲೆಕ್ಕವನ್ನು ಕೆದಕುವ ಅಭ್ಯಾಸ ನನಗಿಲ್ಲ.

ಮೂರನೆಯ ಸಂಜೆಯೂ 'ಆಗೇತಿ', ನಾಲ್ಕನೆಯ ಸಂಜೆಯೂ 'ಆಗೇತಿ'. ನಾವು ಉಣ್ಣುವಾಗ ಅವಳು ಹೊರಗಿನ ಕೋಣೆಯಲ್ಲಿ ಕುಳಿತು ಮಾವನ ಗುಳಿಗೆಗಳನ್ನು ಹೊತ್ತಿಗೊಂದು ಪೊಟ್ಟಣ ಮಾಡಿ ಕಟ್ಟುತ್ತಿದ್ದಳು. ದೊಡ್ಡ ದವಾಖಾನೆ, ಒಳಗೆ ಕ್ಯಾಂಟೀನು ಇರುತ್ತದೆ, ಉಂಡು ಬರುತ್ತಾಳೆ ಎಂದು ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು.

ಏಳನೆಯ ದಿನ ಮಾವನನ್ನು ನಡೆಸಲು ಶುರುಮಾಡುತ್ತೇವೆ, ಹಿಡಿದುಕೊಂಡು ನಡೆಯುವ ವಾಕರ್ ತನ್ನಿ ಎಂದು ಡಾಕ್ಟರು ಹೇಳಿದ್ದರು. ನಾನು ಮಧ್ಯಾಹ್ನದ ಗೇಟ್ ಪಾಸು ಬರೆಸಿಕೊಂಡು, ಅಂಗಡಿಯಲ್ಲಿ ವಾಕರ್ ಕೊಂಡು (ಅಲ್ಯೂಮಿನಿಯಂ ಕೊಳವೆಗೆ ಇಷ್ಟು ದುಡ್ಡೇ ಎಂದು ಅಂಗಡಿಯವನ ಹತ್ತಿರ ಜಗಳವಾಡಿಯೇ ಕೊಂಡೆ) ಮೆಟ್ರೋ ಹತ್ತಿದೆ. ಅಮೀರ್‌ಪೇಟ್ ದಾಟಿ ಇಳಿದು, ದವಾಖಾನೆಯ ಕಾಂಪೌಂಡಿನ ಪಕ್ಕ ನಡೆಯುತ್ತಿದ್ದೆ. ಗೋಡೆಯ ಹೊರಗೆ ಕಾರ್ಪೊರೇಷನ್ನಿನ ಐದು ರೂಪಾಯಿ ಊಟದ ಕೌಂಟರು. ಮುಂದೆ ಉದ್ದನೆಯ ಸಾಲು. ಆಟೋದವರು, ಕೂಲಿಯವರು, ಪುಸ್ತಕದ ಚೀಲ ಹಾಕಿಕೊಂಡ ಹುಡುಗರು, ರೋಗಿಗಳ ಕಡೆಯವರು. ಆ ಸಾಲಿನ ನಡುವೆ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಊರಿನಿಂದ ತಂದ ಸ್ಟೀಲಿನ ತಾಟನ್ನು ಎದೆಗೆ ಆನಿಸಿಕೊಂಡು ಅಕ್ಕ ನಿಂತಿದ್ದಳು.

ತಿರುಗಿ ಹೋಗಿಬಿಡಲೇ ಅನಿಸಿತು. ನಾನು ಕಂಡರೆ ಅವಳಿಗೆ ನಾಚಿಕೆಯಾದೀತು ಎಂದುಕೊಂಡೆ. ಅದು ಸುಳ್ಳು, ನಾಚಿಕೆಯಾಗಿದ್ದು ನನಗೆ. ಅವಳು ನನ್ನನ್ನು ಕಂಡು, ಸಂತೆಯಲ್ಲಿ ಸಿಕ್ಕವರನ್ನು ಕರೆಯುವ ಹಾಗೆ ಕೈ ಮಾಡಿದಳು.

"ಏ ತಮ್ಮಾ, ಬಾ ಇಲ್ಲಿ. ಊಟ ಆತೇನು?"

"ಆಗೇತಿ," ಎಂದೆ. ಆಗಿರಲಿಲ್ಲ. ಬಾಯಿಗೆ ಬಂದದ್ದು ಅದೇ.

"ಎಲ್ಲಿ ಆತು? ಒಂದ ಗಂಟೇಕ ಬಂದ ಇಲ್ಲಿ ನಿಂತೀದಿ, ಯಾವಾಗ ಉಂಡಿ?"

"ಹಸಿವಿಲ್ಲಕ್ಕಾ."

ಮೂರನೆಯ ಸಲ ಅವಳು ಕೇಳಲೇ ಇಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹತ್ತು ರೂಪಾಯಿಯ ನಾಣ್ಯ ತೆಗೆದು, ಕೌಂಟರಿನವನ ಮುಂದಿಟ್ಟು, "ಇದ್ದರಿಕಿ ಅಯ್ಯಾ" ಎಂದಳು. ಇಬ್ಬರಿಗೆ ಎಂದು ತೆಲುಗಿನಲ್ಲಿ ಹೇಳುವಷ್ಟು ಆ ಸಾಲು ಅವಳಿಗೆ ಪರಿಚಯವಾಗಿತ್ತು. ಅವಳ ತಾಟಿನಲ್ಲಿ ಒಬ್ಬರದು, ನನಗೆ ಕಾಗದದ ತಟ್ಟೆಯಲ್ಲಿ ಇನ್ನೊಬ್ಬರದು. ಬೇವಿನ ಗಿಡದ ಕೆಳಗೆ ಗೋಡೆಗೆ ಒರಗಿ ನಿಂತೆವು. ವಾಕರ್ ನನ್ನ ಮುಂದೆ ನಿಂತಿತ್ತು, ಹೋಗುವವರು ನನ್ನನ್ನೇ ರೋಗಿ ಎಂದುಕೊಂಡು ದಾರಿ ಬಿಡುತ್ತಿದ್ದರು.

ಅನ್ನ ಬಿಸಿಯಾಗಿತ್ತು. ಪಪ್ಪು, ಸಾಂಬಾರು, ಒಂದು ಪಲ್ಯ, ಉಪ್ಪಿನಕಾಯಿ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿಯೇ ಇತ್ತು.

"ದಿನಾ ಇಲ್ಲೇನಾ ಅಕ್ಕಾ?"

"ಹೂಂ. ಯಾಕ, ಏನಾತು? ಬಿಸಿ ಬಿಸಿ ಹಾಕ್ತಾರ. ಸ್ವಚ್ಛ ಐತಿ."

"ಸಂಜೀಕ?"

"ಸಂಜೀಕ ಏನ ಬೇಕೋ? ಇವರಿಗೆ ಕೊಟ್ಟಿದ್ದು ಉಳೀತೈತಿ. ನೋಡಾಕ ಬಂದೋರು ತಂದ ಬಾಳಿಹಣ್ಣ ಅದಾವು."

ಐದು ಸಂಜೆ ನನ್ನ ಅಕ್ಕ ನನ್ನ ಮನೆಗೆ ಬಂದು, ಬಾಳೆಹಣ್ಣು ತಿಂದ ಹೊಟ್ಟೆಯಲ್ಲಿ, ನಾವು ಉಣ್ಣುವ ವಾಸನೆ ಕುಡಿದು ಮಲಗಿದ್ದಳು. ಅವಳು ಅನ್ನ ಕಲಸುತ್ತಾ, ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದಳು.

"ಒಂದ ಮಾತ ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ನೌಕರಿ ಏನರ ತ್ರಾಸ ಆಗೇತೇನು?"

"ಏನು?"

"ಒಲಿ ಹಚ್ಚೂದಿಲ್ಲ. ಬುಟ್ಯಾಗ ಒಂದ ರೊಟ್ಟಿ ಇಲ್ಲ. ಒಬ್ಬರ ಊಟ ಇಬ್ಬರು ಹಂಚಿಕೊಂಡ ಉಣ್ಣಾಕತ್ತೀರಿ. ಯಾವುದು ಸೋವಿ ಅಂತ ಬರದು ಫ್ರಿಜ್ಜಿಗೆ ಹಚ್ಚೀರಿ. ಹುಡುಗಿ ಹಾಸ್ಟೆಲಿಂದು ಭಾಳ ಬೀಳತೈತೇನು? ನಾ ಬ್ಯಾರೆ ದಿನಾ ಬಂದು ತಾಟಿನ ಮುಂದ ಕುಂತ್ರ ನಿಮಗ ಹೆಂಗ ಸಾಲಬೇಕೋ ತಮ್ಮಾ?"

ಅವಳ ಕಣ್ಣಲ್ಲಿ ನೀರಿತ್ತು. ನನಗಾಗಿ ಮರುಗಿ ನಿಂತಿದ್ದಳು, ಐದು ರೂಪಾಯಿಯ ಸಾಲಿನಲ್ಲಿ. ನಾನು ವಿವರಿಸಲು ನೋಡಿದೆ. ದುಡ್ಡಿಲ್ಲವೆಂದಲ್ಲ ಅಕ್ಕಾ, ಇಬ್ಬರಿಗೆ ಮಾಡುವುದು ವ್ಯರ್ಥ, ಕಾರ್ಖಾನೆಯಲ್ಲಿ ಹೀಗೇ ನೋಡುತ್ತೇವೆ, ಒಳಗೆ ಮಾಡುವುದೋ ಹೊರಗೆ ಮಾಡಿಸುವುದೋ ಎಂದು. ಅವಳು "ಹೂಂ, ಹೂಂ" ಎನ್ನುತ್ತಾ ಕೇಳಿದಳು. ಜ್ವರ ಬಂದವನು ನನಗೇನೂ ಆಗಿಲ್ಲ ಎಂದಾಗ ಮನೆಯವರು ಅನ್ನುವ ಹೂಂ ಅದು. ನಾನು ಹೆಚ್ಚು ಮಾತಾಡಿದಷ್ಟೂ ನನ್ನ ಬಡತನ ಅವಳಿಗೆ ಗಟ್ಟಿಯಾಗುತ್ತಾ ಹೋಯಿತು. ಅಳು ಬಂತು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ವಾಕರ್, ಒರೆಸಿಕೊಳ್ಳಲು ಕೈಯಿರಲಿಲ್ಲ.

ಅವತ್ತು ನಾನು ಕಾರ್ಖಾನೆಗೆ ಮರಳಲಿಲ್ಲ. ಹೆಂಡತಿಯ ಕೌಂಟರಿಗೆ ಹೋಗಿ, ಹುಡುಗರನ್ನು ಪಕ್ಕಕ್ಕೆ ಸರಿಸಿ ವಿಷಯ ಹೇಳಿದೆ. ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

"ನೀವು ಗಂಡಸರು, ಹಾಳೀ ನೋಡಿ ಕುಂತ್ರಿ. ನಾನರ ಹೆಣ್ಣಮಗಳು, ನನಗ್ಯಾಕ ತಿಳೀಲಿಲ್ಲ? ಒಂದ ಸಲ ಕೇಳಿ ಸುಮ್ಮನಾದೆ. ನನ್ನ ಬಾಯಿಗೆ ಏನ ಬಡದಿತ್ತು?"

ಅರ್ಧ ದಿನದ ರಜೆ ಹಾಕಿ ಅವಳೂ ಬಂದಳು. ಅಟ್ಟದಿಂದ ಬುಟ್ಟಿ ಇಳಿಸಿದೆವು. ಜೋಳದ ಹಿಟ್ಟಿನ ಡಬ್ಬಿ ತೆಗೆದರೆ ಎರಡು ತಿಂಗಳ ಹಿಂದಿನದು. ಹಳೆಯ ಹಿಟ್ಟು ಜಿಗಿ ಕಳೆದುಕೊಂಡಿರುತ್ತದೆ. ಅವಳು ಬಡಿಯಲು ಕುಳಿತರೆ ರೊಟ್ಟಿಯ ಅಂಚು ಒಡೆಯಿತು, ಎತ್ತಿದರೆ ನಡುವೆ ಹರಿಯಿತು. ಹೊಸ ಹಿಟ್ಟು ತರಲು ನಾನು ಗಿರಣಿಗೆ ಓಡಿದೆ. ಕರೆಂಟು ಇಲ್ಲವೆಂದು ಅವನು ಬಾಗಿಲು ಅರ್ಧ ಎಳೆದುಕೊಂಡು ಕುಳಿತಿದ್ದ. ಬದನೆಕಾಯಿ, ಮೆಂತ್ಯೆ, ಕೊತ್ತಂಬರಿ ಮಾತ್ರ ತಂದೆ. ಕೊತ್ತಂಬರಿ ಎರಡು ಕಟ್ಟು ತಂದೆ, ಕೊಳೆತರೆ ಕೊಳೆಯಲಿ.

ಎಂಟಕ್ಕೆ ಅಕ್ಕ ಬಂದಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ನಾನು ಏನೂ ಕೇಳಲಿಲ್ಲ.

"ಕೈ ತೊಳಕೋ," ಎಂದೆ.

"ನನಗ ಆಗೇ..."

"ತೊಳಕೋ ಅಂದೆ."

ಅವಳು ಕೈ ತೊಳೆದುಕೊಂಡು ತಾಟಿನ ಮುಂದೆ ಕುಳಿತಳು. ಹರಿದ ರೊಟ್ಟಿಯನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. "ಇದ ಯಾವ ಜಿಲ್ಲಾದ ನಕ್ಷಾನೋ?" ಎಂದಳು. ನಲವತ್ತು ವರ್ಷದ ಬಡ್ಡಿ ಸೇರಿಸಿ ತೀರಿಸಿದಳು. ಹೆಂಡತಿ ಹಿಟ್ಟು ಹಳೆಯದು ಎನ್ನುತ್ತಿದ್ದಂತೆ ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆಯಲ್ಲಿ ನೀರು ಕುದಿಸಿ, ಕುದಿನೀರನ್ನೇ ಹಿಟ್ಟಿಗೆ ಹಾಕಿ, ಕೈ ಸುಟ್ಟುಕೊಳ್ಳುತ್ತಾ ನಾದಿದಳು. ಹಿಟ್ಟು ಮಾತು ಕೇಳಿತು. ದವಾಖಾನೆಯಲ್ಲಿ ದಿನವೆಲ್ಲ ನಿಂತು ಬಂದವಳು ನಮಗೆ ರೊಟ್ಟಿ ಬಡಿದಳು. ಬೇಡವೆಂದರೆ ಕೇಳಲಿಲ್ಲ. ಕೊನೆಗೆ ಹೆಂಡತಿ ಅವಳ ರಟ್ಟೆ ಹಿಡಿದು ಕೂಡಿಸಿ, ತಾಟಿಗೆ ಬಡಿಸಿದಳು. ಅಕ್ಕ ಎಷ್ಟು ರೊಟ್ಟಿ ಉಂಡಳೆಂದು ನಾನು ಎಣಿಸಲಿಲ್ಲ.

ಉಳಿದ ದಿನಗಳಲ್ಲಿ ಒಲೆ ಹತ್ತಿತು. ಬೆಳಿಗ್ಗೆ ಅವಳ ಜೊತೆ ಬುತ್ತಿ ಹೋಗುತ್ತಿತ್ತು. ಮಾವ ವಾಕರ್ ಹಿಡಿದು ಹತ್ತು ಹೆಜ್ಜೆ, ಆಮೇಲೆ ವರಾಂಡದ ಕೊನೆಯ ತನಕ ನಡೆದರು. ಬಿಡುಗಡೆಯ ದಿನ ಅಕ್ಕ ನನ್ನ ಕೈ ಹಿಡಿದು, "ಏನಾದ್ರೂ ಆಗಲಿ ನನಗ ಮುಚ್ಚಿಡಬ್ಯಾಡ" ಎಂದಳು. ಅವಳ ಕಣ್ಣೆದುರಿಗೇ ಐದು ಸಂಜೆಯೂ ಒಲೆ ಹತ್ತಿದ್ದು ಅವಳಿಗೆ ಬೇರೆಯೇ ಆಗಿ ಕಂಡಿತ್ತು. ತನಗೋಸ್ಕರ ಸಾಲ ಮಾಡಿ ಜೋಳ ತಂದಿದ್ದಾನೆ ಎಂದು ಮಾವನ ಹತ್ತಿರ ಹೇಳಿದ್ದಳಂತೆ.

ತಿಂಗಳಾದ ಮೇಲೆ ಒಂದು ದಿನ ಕಾರ್ಖಾನೆಯಲ್ಲಿದ್ದಾಗ ಫೋನು ಬಂತು. "ಮೀಕು ಪಾರ್ಸೆಲ್ ವಚ್ಚಿಂದಿ" ಎಂದ ಅತ್ತ ಕಡೆಯವನು, ನಿಮಗೆ ಪಾರ್ಸೆಲ್ ಬಂದಿದೆ ಎಂದು. ನಾವೇನೂ ಊಟ ಹೇಳಿಲ್ಲವಲ್ಲ ಎಂದು ಗದರಿ ಇಟ್ಟೆ. ಅವನು ಮತ್ತೆ ಮಾಡಿ, ಬಸ್ ನಿಲ್ದಾಣದ ಸರಕು ಕೌಂಟರಿನಿಂದ ಮಾತಾಡುತ್ತಿರುವುದು, ಬಂದು ಒಯ್ಯಿ ಎಂದು ತಿರುಗಿ ಗದರಿದ. ಸಂಜೆ ಹೋಗಿ ನೋಡಿದರೆ ಒಂದು ಚೀಲ ಬಿಳಿಜೋಳ. ಬಾಯಿಯನ್ನು ಅಕ್ಕನೇ ದಬ್ಬಣದಿಂದ ಹೊಲಿದಿದ್ದಳು, ಹೊಲಿಗೆ ಗುರುತು ಸಿಕ್ಕಿತು. ಬಸ್ಸಿನ ಬಾಡಿಗೆ, ಹಮಾಲಿ, ಆಟೋ ಎಲ್ಲ ಸೇರಿದರೆ ಇಷ್ಟೇ ಜೋಳ ಸನತ್‌ನಗರದ ಅಂಗಡಿಯಲ್ಲೇ ಕಡಿಮೆಗೆ ಸಿಗುತ್ತಿತ್ತು ಎಂದು ಆಟೋದಲ್ಲಿ ಕುಳಿತು ಲೆಕ್ಕ ಹಾಕಿದೆ. ಹಾಕಿದೆ ಎಂದು ಒಪ್ಪಿಕೊಳ್ಳುತ್ತೇನೆ. ನಾಯಿ ಬಾಲ ನೆಟ್ಟಗಾಗುವುದಿಲ್ಲ.

ನಾವು ಪಾರ್ಸೆಲ್ ಬಿಟ್ಟಿಲ್ಲ. ವಾರದಲ್ಲಿ ಮೂರು ಸಂಜೆ ಈಗಲೂ ತರುತ್ತೇವೆ, ಹೆಂಡತಿಯ ಕಾಲಿಗೂ ವಿಶ್ರಾಂತಿ ಬೇಕು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಉಣ್ಣುವವರು ಇಬ್ಬರೇ ಎಂದು ಬರೆದುಕೊಂಡಿದ್ದು ತಪ್ಪು. ಭಾನುವಾರ ಅವಳು ಬಡಿಯುತ್ತಾಳೆ, ನಾನು ಹೆಂಚಿನ ಮೇಲೆ ತಿರುವಿ ಹಾಕುತ್ತೇನೆ, ಬುಟ್ಟಿ ತುಂಬುತ್ತದೆ. ಫ್ರಿಜ್ಜಿನ ಮೇಲಿನ ಹಾಳೆಯನ್ನು ತೆಗೆದುಬಿಟ್ಟೆ.

ಅಕ್ಕ ಮಾತ್ರ ನಂಬಲಿಲ್ಲ. ದಿನಾ ಸಂಜೆ ಎಂಟೂವರೆಗೆ ಅವಳ ಫೋನು ಬರುತ್ತದೆ.

"ಊಟ ಆತೇನು?"

"ಆಗೇತಿ ಅಕ್ಕಾ."

"ಖರೇನ ಆಗೇತೇನು?"

"ಖರೇನ ಆಗೇತಿ."

ಆಮೇಲೆ ಮೂರನೆಯದು. "ಏನ ಉಂಡ್ರಿ, ಹೇಳು?" ಪಾರ್ಸೆಲ್ ತಂದ ದಿನವೂ ನಾನು ರೊಟ್ಟಿ, ಬದನೆಕಾಯಿ ಎಂದು ಹೇಳುತ್ತೇನೆ. ಎದುರಿಗೆ ಕುಳಿತ ಹೆಂಡತಿ ಪ್ಲಾಸ್ಟಿಕ್ ಸಪ್ಪಳವಾಗದಂತೆ ಸಾಂಬಾರಿನ ಡಬ್ಬಿ ತೆರೆಯುತ್ತಾಳೆ.

ಮೊನ್ನೆ ಎಂಟೂವರೆ ದಾಟಿದರೂ ಫೋನು ಬರಲಿಲ್ಲವೆಂದು ನಾನೇ ಮಾಡಿದೆ. ಅಕ್ಕ ನೆರೆಮನೆಗೆ ಹೋಗಿದ್ದಳು, ಮಾವ ಎತ್ತಿದರು. ನಿಮ್ಮದು ಊಟ ಆಯಿತೇ ಮಾವ ಎಂದು ಕೇಳಿದೆ.

"ನಂದು ಏಳಕ್ಕೇ ಆಗತೈತಿ," ಎಂದರು. "ನಿಮ್ಮಕ್ಕ ನಿನಗ ಫೋನ್ ಮಾಡಿ ಕೇಳೂತನಕ ಉಣ್ಣೂದಿಲ್ಲ."